ಅಳಿಸಲಾಗದ ಮುತ್ತಾತ

ಅರಸೀಕೆರೆಯ ಚಿಕ್ಕಣ್ಣನವರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಭಾನುವಾರ ಮಾತುಕತೆಗೆ ಬತ್ತೀವಿ. ನಮ್ಮ ಮೋಹನ ವಂಶದ ಚರಿತ್ರೇನೆಲ್ಲ ಕಂಪ್ಯೂಟರಲ್ಲಿ ಸಾಲಾಗಿ ಜೋಡ್ಸವ್ನೆ, ತತ್ತೀವಿ. ನಿಮ್ದೂ ಒಂದು ಇದ್ರೆ ತೋರ್ಸಿ."

ಆ 'ಇದ್ರೆ' ಎಂಬ ಮಾತು ಹಳೇಬೀಡಿನ ರಂಗನಾಥನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಮಗಳು ಕೋಮಲ ಮತ್ತು ಚಿಕ್ಕಣ್ಣನವರ ಮಗ ಮೋಹನ್‌ಕುಮಾರ್ ಬೇಲೂರಿನ ಒಂದೇ ಶಾಲೆಯಲ್ಲಿ ಪಾಠ ಹೇಳುವವರು, ಒಬ್ಬರನ್ನೊಬ್ಬರು ಮೆಚ್ಚಿದವರು. ಹಿರಿಯರು ಹೂಂ ಅನ್ನುವುದೊಂದೇ ಬಾಕಿ. ಅಂಥ ಸಂಬಂಧ ಒಂದು ಚರಿತ್ರೆ ಇಲ್ಲದೆ ತಪ್ಪಿಹೋದರೆ?

ಭಾನುವಾರ ಬೆಳಿಗ್ಗೆ ರಂಗನಾಥ ಲ್ಯಾಪ್‌ಟಾಪನ್ನು ಟಿ.ವಿ.ಗೆ ಜೋಡಿಸಿ ಕೂತ. ಇಂಥ ಕೆಲಸಕ್ಕೆಂದೇ ಇರುವ ಮೂರು ಆಪ್‌ಗಳನ್ನು ಇಳಿಸಿಕೊಂಡಿದ್ದ. ಯಾವುದು ಚೆನ್ನ ಎಂದು ನೋಡಬೇಕಿತ್ತು. ಹಾಗೆ ನೋಡಲು ಕರೆಯದೆಯೇ ಬಂದವನು ಪಕ್ಕದ ಮನೆಯಲ್ಲಿದ್ದ ಅಪ್ಪನ ತಮ್ಮ, ಚಿಕ್ಕಪ್ಪ ಜವರಣ್ಣ.

ಮೊದಲನೆಯ ಆಪ್ ವಂಶವನ್ನು ಎಡದಿಂದ ಬಲಕ್ಕೆ ಹಾಸಿತು. ಒಂದು ತುದಿ ನೋಡಿದರೆ ಇನ್ನೊಂದು ತುದಿ ಕಾಣದು.

"ಇದೇನ್ಲಾ, ಅರಸೀಕೆರೆ ಟೇಸನ್ನಲ್ಲಿ ನಿಂತಿರೋ ಗೂಡ್ಸ್ ಗಾಡಿ ಇದ್ದಂಗೈತೆ! ನಾನ್ ಯಾವ ಡಬ್ಬೀಲಿವ್ನಿ?" ಎಂದ ಜವರಣ್ಣ.

ಎರಡನೆಯದು ಎಲ್ಲರನ್ನೂ ದುಂಡಗೆ ಕೂರಿಸಿತು. ರಂಗನಾಥನ ತಾಯಿ ಕೆಂಪಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತಲೇ ಕಣ್ಣು ಕಿರಿದು ಮಾಡಿದರು. "ನನ್ನನ್ನ ತಂದು ನಮ್ಮತ್ತೆ ಮಗ್ಗುಲಲ್ಲೇ ಕೂರ್ಸಿದ್ದೀಯಲ್ಲಪ್ಪ. ಬದುಕಿದ್ದಾಗ್ಲೇ ನಾವಿಬ್ರೂ ಒಂದು ಚಾಪೇಲಿ ಕೂತೋರಲ್ಲ." ಸಾಲದ್ದಕ್ಕೆ ಅದಕ್ಕೆ ಪ್ರತಿಯೊಬ್ಬರ ಹುಟ್ಟಿದ ತಾರೀಖು ಬೇಕಂತೆ. "ನಿಮ್ಮಪ್ಪ ಹುಟ್ಟಿದ್ದು ಕೆರೆ ಕೋಡಿ ಬಿದ್ದ ವರ್ಷ, ಹುರುಳಿ ಕಿತ್ತ ಮೇಲೆ," ಎಂದು ಅಮ್ಮ ಹೇಳಿದ್ದನ್ನು ಬರೆದರೆ, ಆಪ್ ಕೋಪಗೊಂಡ ಹೆಡ್‌ಮೇಷ್ಟ್ರ ಹಾಗೆ ಕೆಂಪಾಯಿತು.

ಮೂರನೆಯದು ಸಾಧು. ಮೇಲೆ ಹಿರಿಯರು, ಕೆಳಗೆ ಕಿರಿಯರು. 'ಸುಮಾರು' ಎಂದು ಬರೆದರೂ ಒಪ್ಪಿಕೊಂಡಿತು. ಎಲ್ಲ ತುಂಬಿದ ಮೇಲೆ ಉಳಿದದ್ದು ತುತ್ತತುದಿಯ ಜಾಗ. ಅಲ್ಲಿ ನಮೂನೆಗೆಂದು ಆಪ್‌ನವರೇ ಒಬ್ಬ ಮುದುಕನ ಪಟ ಇಟ್ಟಿದ್ದರು: ತಲೆಗೆ ಪೇಟ, ಮುಖದ ತುಂಬ ಗಿರಿಜಾ ಮೀಸೆ. ರಂಗನಾಥ ಅದನ್ನು ಅಳಿಸಿದ. ಕೂಡಲೇ ಕೆಳಗಿದ್ದ ಅಪ್ಪ, ಅಮ್ಮ, ಹೆಂಡತಿ, ಮಗಳು, ಕೊನೆಗೆ ತಾನೂ ಪರದೆಯಿಂದ ಮಾಯ! ಬೆವರುತ್ತ ಎಲ್ಲರನ್ನೂ ವಾಪಸ್ಸು ಕರೆತಂದ. ಜೊತೆಗೆ ಮುದುಕನೂ ಬಂದ. ಮತ್ತೆ ಅಳಿಸಿದ. ಮತ್ತೆ ವಂಶನಾಶ.

ಮೂರನೇ ಸಲ ಮುದುಕ ಮರಳಿ ಬರುವ ಹೊತ್ತಿಗೆ, ಕಾಫಿಗೆಂದು ಒಳಗೆ ಹೋಗಿದ್ದ ಜವರಣ್ಣ ಹೊರಗೆ ಬಂದ. ಲೋಟ ಕೈಯಲ್ಲೇ ನಿಂತಿತು.

"ಅಯ್ಯೋ, ನಮ್ ತಾತ! ಹಿರೀಜವರಪ್ಪ! ನನಗಿಟ್ಟಿರೋದು ಇವರ್ ಹೆಸರೇ ಕಣ್ಲಾ. ಈ ಪಟ ಎಲ್ಲಿ ಸಿಗ್ತು? ಅತ್ಗೆ, ತಾತನೇ ಅಲ್ವಾ?"

ಕೆಂಪಲಕ್ಷ್ಮಮ್ಮ ಪಟವನ್ನು ನೋಡಿದರು. ಆಮೇಲೆ ಮಗನ ಬೆವತ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. "ಹೂಂ ಕಣಪ್ಪ, ಅವ್ರೇ," ಎಂದರು.

ರಂಗನಾಥ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಕಾರು ನಿಂತಿತು.

ಚಿಕ್ಕಣ್ಣನವರು ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡರು. ರಂಗನಾಥನಿಗೆ ಜೀವ ಬಂತು. ಆಮೇಲೆ ಅವರು ಮಗನಿಗೆ ಸನ್ನೆ ಮಾಡಿದರು. ಮೋಹನ್‌ಕುಮಾರ್ ಏಕೋ ಹಿಂಜರಿಯುತ್ತಲೇ ಸುರುಳಿ ಸುತ್ತಿದ್ದ ಫ್ಲೆಕ್ಸನ್ನು ಬಿಚ್ಚಿ ಟಿ.ವಿ.ಯ ಪಕ್ಕಕ್ಕೆ ಹಿಡಿದ.

"ನೋಡಿ, ನಮ್ಮ ಮುತ್ತಾತ ಬೀರಪ್ಪನೋರು!" ಎಂದರು ಚಿಕ್ಕಣ್ಣನವರು.

ಪೇಟ. ಗಿರಿಜಾ ಮೀಸೆ. ಟಿ.ವಿ.ಯಲ್ಲೊಬ್ಬ, ಫ್ಲೆಕ್ಸಿನಲ್ಲೊಬ್ಬ, ಅವಳಿ ಮಕ್ಕಳಂತೆ ಎಲ್ಲರನ್ನೂ ದಿಟ್ಟಿಸುತ್ತಿದ್ದರು.

ಮೊದಲು ಮಾತು ಬಂದದ್ದು ಜವರಣ್ಣನಿಗೆ. "ಅದುಕ್ಕೇ ಅನ್ನಿ, ತಾತ ವಾರ ವಾರ ಅರಸೀಕೆರೆ ಸಂತೆಗೆ ಹೋಯ್ತಿದ್ರಂತೆ! ಇಲ್ಲೊಂದು ಹೆಸ್ರು, ಅಲ್ಲೊಂದು ಹೆಸ್ರು, ಅಲ್ಲೊಂದು ಸಂಸಾರ! ಚಿಕ್ಕಣ್ಣ, ನೀನು ನನಗೆ ಮಗ ಆಗ್ಬೇಕು ಕಣಯ್ಯಾ!" ಎಂದು ತಬ್ಬಿಕೊಂಡೇಬಿಟ್ಟ. ಚಿಕ್ಕಣ್ಣನವರ ಕಣ್ಣೂ ಒದ್ದೆಯಾಯಿತು.

ರಂಗನಾಥನ ಹೆಂಡತಿ ಶ್ಯಾಮಲಾ ಮಾತ್ರ ಮೆಲ್ಲಗೆ ಕೇಳಿದಳು: "ಹಂಗಾದ್ರೆ... ಇಬ್ರದೂ ಅಣ್ತಮ್ಮಂದ್ರ ಮನೆ ಆಯ್ತಲ್ಲ? ಮದ್ವೆ?"

ಜವರಣ್ಣ ತಬ್ಬಿದ ಕೈ ಸಡಿಲಿಸಿದ. "ಹೌದಲ್ಲಾ! ಹುಡುಗ ಹುಡುಗಿಗೆ ಅಣ್ಣ ಆಗ್ಬೇಕು! ಶಿವಶಿವಾ!" ಕಾಫಿ ತಂದು ಬಾಗಿಲಲ್ಲಿ ನಿಂತಿದ್ದ ಕೋಮಲ ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟಳು.

ರಂಗನಾಥ ಮಾನ ಬಿಟ್ಟು ಎದ್ದು ನಿಂತ. "ಅವರು ನಮ್ಮ ಮುತ್ತಾತ ಅಲ್ಲ! ಆಪ್‌ನವರು ನಮೂನೆಗೆ ಇಟ್ಟಿದ್ದ ಪಟ. ಅಳಿಸೋಕೆ ಆಗ್ಲಿಲ್ಲ, ಅಷ್ಟೇ."

"ಥೂ ನಿನ್ನ! ಮಗಳ ಮದ್ವೆಗೋಸ್ಕರ ಹಿರೀಕರನ್ನೇ ಇಲ್ಲ ಅಂತೀಯೇನ್ಲಾ?" ಜವರಣ್ಣ ಗುಡುಗಿದ. "ನಿಮ್ಮವ್ವನೇ ಗುರ್ತು ಹಿಡಿದವ್ರೆ!"

ಕೆಂಪಲಕ್ಷ್ಮಮ್ಮ ಅವರೆಕಾಳಿನ ಮೊರವನ್ನು ಪಕ್ಕಕ್ಕಿಟ್ಟರು. "ನಾನು ಈ ಮನೆಗೆ ಬರೋ ಹೊತ್ಗೆ ಅವ್ರು ತೀರ್ಕೊಂಡು ಎಷ್ಟೋ ವರ್ಷ ಆಗಿತ್ತು. ಮುಖ ನಾನೆಲ್ಲಿ ಕಂಡೆ? ಮಗ ಬೆಳಗಿಂದ ಒಂದು ತುತ್ತು ತಿನ್ನದೆ ಒದ್ದಾಡ್ತಿದ್ದ. ಅವನ ಮನಸ್ಸು ಮುರೀಬಾರ್ದು ಅಂತ ಹೂಂ ಅಂದೆ. ಜವರ, ನೀನಾದ್ರೂ ಎಲ್ಲಿ ಕಂಡಿದ್ದೆ? ಅವ್ರು ಹೋದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆಯಂತೆ."

"ನೀವು ಹೂಂ ಅಂದ್ರಲ್ಲಾ ಅಂತ ನಾನೂ..." ಜವರಣ್ಣ ತಟ್ಟೆಯಿಂದ ಕಾಫಿ ಲೋಟ ಎತ್ತಿಕೊಂಡು ಅದರೊಳಗೆ ಮುಖ ಅಡಗಿಸಿದ.

ಮನೆಯೆಲ್ಲ ಉಸಿರು ಬಿಟ್ಟಿತು. ಮೋಹನ್‌ಕುಮಾರ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಚಿಕ್ಕಣ್ಣನವರು ತೊಡೆ ತಟ್ಟಿದರು.

"ಅಂದ್ರೆ ಆ ಆಪ್‌ನೋರು ನಮ್ಮ ಮುತ್ತಾತನ ಪಟಾನೇ ಎತ್ಕಂಡು ಊರಿಗೆಲ್ಲ ಹಂಚವ್ರೆ! ನಮ್ಮದು ಅಸಲಿ. ಕಟ್ಟು ಹಾಕ್ಸಿ, ದೇವರ ಕೋಣೇಲಿಟ್ಟು ದಿನಾ ಹೂವು ಏರಿಸ್ತಾವ್ನಿ. ಏನ್ರೀ ರಂಗನಾಥ್, ನಮ್ಮ ಮನೆ ಕಳೆ ಕಾಣಲ್ವಾ ಮುಖದಲ್ಲಿ?"

ರಂಗನಾಥ ಪಟವನ್ನು ನೋಡಿದ. ಆಮೇಲೆ ಮೋಹನನ ಬೆವತ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದ.

"ಹೂಂ," ಎಂದ. "ಅದೇ ಕಳೆ."

"ಹಂಗಾದ್ರೆ ಮದ್ವೆ ಗಟ್ಟಿ! ಲಗ್ನಪತ್ರಿಕೇಲಿ ಇವರ ಪಟಾನೇ ಮೇಲೆ. ಬೀಗರೇ, ಹಿರೀಕರಿಗೆ ಅಡ್ಡ ಬೀಳಿ. ಮೋಹನಾ, ಮಾವನ ಜೊತೆ ನೀನೂ ಬೀಳು."

ಬೆಳಗಿನಿಂದ ಮೂರು ಸಲ ತಾನೇ ಅಳಿಸಿದ ಮುದುಕನ ಮುಂದೆ ರಂಗನಾಥ ಉದ್ದಕ್ಕೆ ಮಲಗಿದ. ಪಕ್ಕದಲ್ಲಿ ಮಲಗಿದ ಮೋಹನ, ನೆಲಕ್ಕೆ ಹಣೆ ಹಚ್ಚಿಕೊಂಡೇ ಪಿಸುಗುಟ್ಟಿದ:

"ಮಾವ, ನಾನೂ ಎಷ್ಟು ಸಲ ಅಳಿಸಿ ನೋಡ್ದೆ. ಅವ್ರನ್ನ ತೆಗೆದ್ರೆ ನಾವ್ಯಾರೂ ಉಳಿಯಲ್ಲ."