ಕೋಸಂಬರಿ ಆದಮೇಲೆ ಏನು?

ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಅಡುಗೆ ಮಾಡುವುದಲ್ಲ, ಏನು ಮಾಡಬೇಕೆಂದು ಯೋಚಿಸುವುದು. ಹೆಚ್ಚುವುದಕ್ಕೂ ರುಬ್ಬುವುದಕ್ಕೂ ಕೈ ಸಾಕು, ಮನಸ್ಸು ಬೇರೆಲ್ಲೋ ಇರಬಹುದು. ‘ನಾಳೆಗೇನು’ ಎಂಬ ಪ್ರಶ್ನೆ ಹಾಗಲ್ಲ. ಅದು ಆಫೀಸಿನ ಫೈಲುಗಳ ನಡುವೆ, ಮೆಟ್ರೋದ ನೂಕುನುಗ್ಗಲಿನಲ್ಲಿ, ಕೊನೆಗೆ ದೇವರ ಮುಂದೆ ಕಣ್ಣು ಮುಚ್ಚಿದಾಗಲೂ ಬಂದು ನಿಲ್ಲುತ್ತದೆ. ಒಲೆಯನ್ನೇ ಹಚ್ಚದಿದ್ದರೆ ಈ ಪ್ರಶ್ನೆಯ ಕಾಟವೂ ತಪ್ಪುತ್ತದೆ ಎಂದು ನಾನು ನಂಬಿದ್ದೆನಲ್ಲ, ಆ ಜಾಣತನದ ಕಥೆ ಇದು.

ನಿಜ ಹೇಳಿಬಿಡುತ್ತೇನೆ. ಹಸಿ ಆಹಾರದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆರೋಗ್ಯದ ದೆಸೆಯಿಂದಲ್ಲ, ನಾಟಕದ ದೆಸೆಯಿಂದ. ನಮ್ಮ ಕನ್ನಡ ಸಂಘದವರು ಈ ಸಲದ ನಾಟಕದಲ್ಲಿ ನನಗೊಂದು ಅತ್ತೆಯ ಪಾತ್ರ ಕೊಟ್ಟರು. ಕಾಲೇಜು ಬಿಟ್ಟ ಮೇಲೆ ಬಣ್ಣ ಹಚ್ಚಿರಲಿಲ್ಲ, ಕುಣಿದಾಡುವಷ್ಟು ಖುಷಿಯಾಯಿತು. ಆದರೆ ತಾಲೀಮು ಜನಕಪುರಿಯಲ್ಲಿ, ನಿರ್ದೇಶಕರ ಮನೆಯಲ್ಲಿ. ನಾವಿರುವುದು ಮಯೂರ್ ವಿಹಾರದಲ್ಲಿ, ಅಂದರೆ ದೆಹಲಿಯ ಇನ್ನೊಂದು ತುದಿಯಲ್ಲಿ. ಆಫೀಸಿನಿಂದ ನೇರವಾಗಿ ಅಲ್ಲಿಗೆ ಹೋಗಿ ಮನೆ ಸೇರುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. “ತಾಲೀಮು ತಪ್ಪಿಸಿದ್ರೆ ಪಾತ್ರ ಬೇರೆಯವರಿಗೆ ಕೊಟ್ಬಿಡ್ತೀನಮ್ಮ” ಎಂದು ನಿರ್ದೇಶಕರು ಮೊದಲೇ ಹೇಳಿದ್ದರು. ನಮ್ಮ ಯಜಮಾನರು ಸಂಜೆ ಬೇಗ ಮನೆಗೆ ಬರುತ್ತಾರೆ, ನಿಜ. ಆದರೆ ಅವರು ಒಲೆಯ ಹತ್ತಿರ ಸುಳಿಯುವುದು ಕಾಫಿಗೆ ಹಾಲು ಬಿಸಿ ಮಾಡಲು ಮಾತ್ರ. ಅವರನ್ನು ಒಲೆಯ ಮುಂದೆ ನಿಲ್ಲಿಸುವುದಕ್ಕಿಂತ ಊಟದಿಂದ ಒಲೆಯನ್ನೇ ತೆಗೆದುಹಾಕುವುದು ಸುಲಭ ಎನ್ನಿಸಿತು.

“ಇನ್ನು ಮೇಲೆ ರಾತ್ರಿ ಹಸಿ ಆಹಾರ. ಬೇಯಿಸಿದ್ದು ಏನೂ ಇಲ್ಲ. ದೇಹ ಹಗುರಾಗತ್ತೆ” ಎಂದು ಘೋಷಿಸಿದೆ. ಮೇ ತಿಂಗಳ ಸೆಕೆ, ಯಾರೂ ಎದುರಾಡಲಿಲ್ಲ. ಮೊದಲ ದಿನ ಭಾನುವಾರ, ನಾನೇ ಬಡಿಸಿದೆ. ತಟ್ಟೆ ತುಂಬ ಹೆಸರುಬೇಳೆ ಕೋಸಂಬರಿ. ಯಜಮಾನರು ಕೈಕಟ್ಟಿಕೊಂಡು ಕುಳಿತರು.

“ಯಾಕ್ರೀ, ತಿನ್ನಿ.”

“ಅನ್ನ ಬರಲಿ.”

ತಪ್ಪು ಅವರದಲ್ಲ. ನಮ್ಮಲ್ಲಿ ಎಲೆಯ ತುದಿಗೆ ಕೋಸಂಬರಿ ಬಿದ್ದರೆ ಊಟ ಹಿಂದೆಯೇ ಬರುತ್ತಿದೆ ಎಂದರ್ಥ. ಅನ್ನ, ತೊವ್ವೆ, ತುಪ್ಪ ಬೀಳುವ ತನಕ ಎಲೆಗೆ ಕೈ ಹಾಕುವಂತಿಲ್ಲ. ಹುಟ್ಟಿದಾಗಿನಿಂದ ಹಾಗೆ ಕಾದು ಅಭ್ಯಾಸವಾದ ಮನುಷ್ಯ. “ಇಷ್ಟೇ ಊಟ” ಎಂದಾಗ, ಕೊನೆಯ ಬಸ್ಸು ಹೋಯಿತೆಂದು ಕೇಳಿದವರ ಹಾಗೆ ನನ್ನನ್ನು ನೋಡಿದರು. ಒಂಬತ್ತನೇ ಕ್ಲಾಸಿನ ಮಗಳು ಮೇಘಾ ತಟ್ಟೆಯನ್ನು ಒಂದು ಸುತ್ತು ತಿರುಗಿಸಿ, “ಅಮ್ಮಾ, ಯೇ ತೋ ಸಲಾಡ್ ಹೈ. ಊಟ ಕಬ್ ಆಯೇಗಾ?” ಎಂದಳು.

ಅಲ್ಲಿಂದ ‘ನಾಳೆಗೇನು’ ಇಮ್ಮಡಿ ಬಲದಿಂದ ವಾಪಸು ಬಂತು. ಹೆಸರುಬೇಳೆ ಆದಮೇಲೆ ಕಡಲೆಬೇಳೆ, ಸೌತೆಕಾಯಿ ಆದಮೇಲೆ ಕ್ಯಾರೆಟ್ಟು, ಅದಾದಮೇಲೆ ಮೂಲಂಗಿ. ಬಣ್ಣ ಬದಲಾಯಿತೇ ಹೊರತು ಹೆಸರು ಕೋಸಂಬರಿಯೇ. ಒಗ್ಗರಣೆ ಇಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಯಜಮಾನರು ಅರ್ಜಿ ಹಾಕಿದರು. ನಾನಿರುವುದು ಸರ್ಕಾರಿ ಕಚೇರಿಯಲ್ಲಿ, ನಿಯಮದ ಬೆನ್ನಿಗೇ ವಿನಾಯಿತಿ ಬರೆಯುವುದು ನಮಗೆ ರೂಢಿ. ಸಾಸಿವೆ ಸಿಡಿಸುವುದು ಬೇಯಿಸುವುದಲ್ಲ ಎಂದು ತೀರ್ಪು ಕೊಟ್ಟೆ. ಮರುದಿನ ಗೊಜ್ಜವಲಕ್ಕಿ ಮಾಡಿದಾಗ, ಭತ್ತ ಬೇಯಿಸಿಯೇ ಅವಲಕ್ಕಿ ಕುಟ್ಟುತ್ತಾರೆ, ಇದು ಚೀಟಿಂಗ್ ಎಂದು ಮೇಘಾ ಫೋನಿನಲ್ಲಿ ಓದಿ ಹೇಳಿದಳು. ಬೇರೆಯವರು ಬೇಯಿಸಿದ್ದಕ್ಕೆ ನಾವು ಜವಾಬ್ದಾರರಲ್ಲ ಎಂದೆ.

ತರಕಾರಿ ಗಾಡಿಯ ಭಯ್ಯಾನಿಗೆ ನಾನು ದಿನವೂ ತೆಂಗಿನಕಾಯಿ ಕೊಳ್ಳುವುದು ಕಂಡು ಆಶ್ಚರ್ಯ. “ಮೇಡಮ್‌ಜೀ, ರೋಜ್ ನಾರಿಯಲ್? ಘರ್ ಮೇ ಪೂಜಾ ಹೈ ಕ್ಯಾ?” ಎಂದ. ವ್ರತ ಎಂದುಬಿಟ್ಟೆ. ಭಕ್ತಿಯಿಂದ ಒಂದು ಹಿಡಿ ಕೊತ್ತಂಬರಿ ಸೊಪ್ಪು ಹೆಚ್ಚಿಗೆ ಹಾಕಿ, ಯಾವ ದೇವರ ವ್ರತ ಎಂದು ಕೇಳಿದ. ನಾಟಕದ್ದು ಎನ್ನಲು ಧೈರ್ಯ ಬರಲಿಲ್ಲ.

ಹಸಿ ಆಹಾರಕ್ಕೆ ಕೆಲಸ ಕಡಿಮೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರಾತ್ರಿ ನೆನೆಹಾಕಬೇಕು, ಬೆಳಿಗ್ಗೆ ಬೇಗ ಎದ್ದು ಕಾಯಿ ತುರಿಯಬೇಕು, ಹೆಚ್ಚಬೇಕು, ಮೊಳಕೆ ಕಟ್ಟಿದ್ದು ಸೆಕೆಗೆ ಹುಳಿ ವಾಸನೆ ಬಂದಿದೆಯೇ ಎಂದು ಮೂಸಬೇಕು. ಅನ್ನ-ಸಾರಾಗಿದ್ದರೆ ಕುಕ್ಕರ್ ತಾನೇ ಕೂಗಿಕೊಂಡು ಅರ್ಧ ಕೆಲಸ ಮಾಡುತ್ತಿತ್ತು. ಒಂದು ಸಂಜೆ ತಾಲೀಮಿನಲ್ಲಿ ಸೊಸೆಯನ್ನು ಗದರಿಸುವ ದೃಶ್ಯದಲ್ಲಿ ನಾನು ಕುರ್ಚಿಯಲ್ಲೇ ತೂಕಡಿಸಿದೆ. “ಅತ್ತೇನೇ ನಿದ್ದೆ ಮಾಡಿದ್ರೆ ಸೊಸೆ ಯಾರ ಹತ್ರ ಜಗಳ ಆಡ್ಬೇಕಮ್ಮ?” ಎಂದರು ನಿರ್ದೇಶಕರು. ಎಲ್ಲರೂ ನಕ್ಕರು, ನನಗೆ ಅಳು ಬಂತು. ಇದು ಆಗುವ ಮಾತಲ್ಲ, ಪಾತ್ರ ಬಿಟ್ಟುಬಿಡುತ್ತೇನೆಂದು ಮನೆಯಲ್ಲಿ ಹೇಳಿಬಿಡಬೇಕೆಂದು ಮೆಟ್ರೋದಲ್ಲಿ ಬರುವಾಗ ನಿರ್ಧರಿಸಿದೆ.

ಬಾಗಿಲು ತೆಗೆದರೆ ಸಾರಿನ ಘಮ. ಯಜಮಾನರು ಸೌಟು ಹಿಡಿದು ಒಲೆಯ ಮುಂದೆ ನಿಂತಿದ್ದಾರೆ. ಮೇಘಾ ಎತ್ತಿ ಹಿಡಿದ ಫೋನಿನಿಂದ ನಮ್ಮತ್ತೆ, “ಹುಳಿ ಆಮೇಲೆ ಹಾಕೋ, ಮೊದಲು ಪುಡಿ ಕುದೀಲಿ” ಎನ್ನುತ್ತಿದ್ದಾರೆ. ನಾನು ಜನಕಪುರಿಯಲ್ಲಿ ಅತ್ತೆಯಾಗಲು ಒದ್ದಾಡುತ್ತಿದ್ದ ಹೊತ್ತಿಗೆ ನಿಜವಾದ ಅತ್ತೆ ಊರಿನಿಂದಲೇ ನನ್ನ ಅಡುಗೆಮನೆ ನಡೆಸುತ್ತಿದ್ದರು.

“ನೀನು ನಿಶ್ಚಿಂತೆಯಾಗಿ ನಾಟಕ ಮಾಡು. ರಾತ್ರಿ ಅಡುಗೆ ನಾನು ನೋಡ್ಕೋತೀನಿ. ಆ ಕೋಸಂಬರಿಯಿಂದ ಮಾತ್ರ ನಮ್ಮನ್ನ ಬಿಟ್ಬಿಡು” ಎಂದರು ಯಜಮಾನರು. ಎಷ್ಟು ವರ್ಷ ಬಾಯಿಬಿಟ್ಟು ಕೇಳಿದ್ದರೂ ಆಗದ ಕೆಲಸವನ್ನು ಒಂದಿಷ್ಟು ಹಸಿ ಬೇಳೆ ಮಾಡಿಸಿತ್ತು. ನನಗೆ ಹೊಟ್ಟೆ ತುಂಬಿದಷ್ಟೇ ಸಂತೋಷವಾಯಿತು. ಆದರೆ ಹೊಟ್ಟೆ ಖಾಲಿಯೇ ಇತ್ತು. ಕೈಕಾಲು ತೊಳೆದು ಬಂದು ಕುಳಿತೆ. ಬೆಳಿಗ್ಗೆ ನಾನು ಮಾಡಿಟ್ಟಿದ್ದ ಕೋಸಂಬರಿ ಉಪ್ಪಿಗೆ ನೀರು ಬಿಟ್ಟುಕೊಂಡು ತೇಲುತ್ತಿತ್ತು. ಅದಷ್ಟನ್ನೂ ಯಜಮಾನರು ನನ್ನ ತಟ್ಟೆಗೆ ಬಡಿಸಿದರು. ನಾನು ಕೈಕಟ್ಟಿಕೊಂಡು ಕುಳಿತೆ.

“ಯಾಕೆ, ತಿನ್ನು.”

“ಅನ್ನ ಬರಲಿ.”

“ನಿನಗೆ ಹಸಿ ಆಹಾರ ಅಲ್ವಾ? ದೇಹ ಹಗುರಾಗ್ಬೇಕಲ್ಲ” ಎಂದು ಅವರು ತಮ್ಮ ಅನ್ನಕ್ಕೆ ತುಪ್ಪ ಹಾಕಿಕೊಂಡರು. ಅತ್ತೆಯ ಪಾತ್ರಕ್ಕೆಂದು ಕಲಿತ ದರ್ಪವನ್ನೆಲ್ಲ ಮುಖಕ್ಕೆ ತಂದುಕೊಂಡು ನೋಡಿದೆ. ಅಪ್ಪ-ಮಗಳು ತಲೆಯೆತ್ತಲಿಲ್ಲ, ಸಾರು ಕಲಸುವುದರಲ್ಲಿ ಮುಳುಗಿದ್ದರು. ಕೋಸಂಬರಿ ಅರ್ಧಕ್ಕಿಂತ ಹೆಚ್ಚಿದ್ದರೆ, ಜೊತೆಗಿರುವ ಅನ್ನವನ್ನೂ ಹಸಿ ಆಹಾರವೆಂದೇ ಪರಿಗಣಿಸತಕ್ಕದ್ದು ಎಂದು ಮನಸ್ಸಿನಲ್ಲೇ ಇನ್ನೊಂದು ವಿನಾಯಿತಿ ಬರೆದುಕೊಂಡು, ತಟ್ಟೆಯನ್ನು ಮೆಲ್ಲಗೆ ಅವರ ಕಡೆಗೆ ತಳ್ಳಿದೆ.