ಬಾಣಂತನಕ್ಕೆ ಹೊರಟವಳ ಸರ್ಟಿಫಿಕೇಟು

ರೂಲ್ಸು ಅನ್ನೋದಕ್ಕೂ ನನಗೂ ಯಾವ ಜನ್ಮದ ಹಗೆಯೋ ಕಾಣೆ, ನಾನು ಹೊರಟೆ ಅಂದರೆ ಸಾಕು, ಎದ್ದು ಬಂದು ಅಡ್ಡ ನಿಲ್ಲುತ್ತೆ. ಮಿರ್ಲೆಯಲ್ಲಿ ಅಂಗನವಾಡಿ ಟೀಚರಾಗಿದ್ದವಳು ನಾನು. ಕೊರೋನಾ ಕಾಲದಲ್ಲಿ ಮನೆಮನೆಗೂ ಹೋಗಿ, ಇಂಜೆಕ್ಷನ್ ಹಾಕಿಸ್ಕೊಳ್ರಪ್ಪಾ ಅಂತ ಗಂಟಲು ಹರಿದುಕೊಂಡೆ. ಎರಡು ಡೋಸನ್ನೂ ಎಲ್ಲರಿಗಿಂತ ಮುಂಚೆ ನಾನೇ ಹಾಕಿಸಿಕೊಂಡೆ. ಅಂಥ ನನಗೇ ಈ ಗತಿ.

ಮಗಳಿಗೆ ಚೊಚ್ಚಲ ಹೆರಿಗೆ. ಅಳಿಯಂದಿರು ಗಲ್ಫಿನಲ್ಲಿ ಎ.ಸಿ. ರಿಪೇರಿ ಮಾಡುತ್ತಾರೆ, ಮಗಳೂ ಅಲ್ಲೇ. ವಿಮಾನವೆಲ್ಲ ನಿಂತು ಹೋಗಿದ್ದರಿಂದ ಅವಳಿಗೆ ತವರಿಗೆ ಬರೋಕಾಗಲಿಲ್ಲ. ವಿಮಾನ ಬಿಡೋ ಹೊತ್ತಿಗೆ ಅವಳಿಗೆ ದಿನ ತುಂಬಿತ್ತು. ಸರಿ, ತವರೇ ಅಲ್ಲಿಗೆ ಹೋಗಲಿ ಅಂತ ನಾನು ಗಂಟು ಕಟ್ಟಿದೆ. ಹೆರಿಗೆ ಹೊತ್ತಿಗೆ ಅವಳ ಪಕ್ಕದಲ್ಲಿರಬೇಕು, ನನಗೆ ಬೇಕಾಗಿದ್ದು ಅಷ್ಟೇ.

೧. ನಾಳೆ ಬನ್ನಿ

ವಿಮಾನ ಹತ್ತೋ ಮುಂಚೆ ಮೂಗಿಗೆ ಕಡ್ಡಿ ಹಾಕಿಸಿ ಪರೀಕ್ಷೆ ಮಾಡಿಸಬೇಕಂತೆ. ಆ ರಿಪೋರ್ಟು ನಡೆಯೋದು ಕಡ್ಡಿ ಹಾಕಿದ ದಿನದಿಂದ ಮೂರೇ ದಿನ. ಒಂದು ಲ್ಯಾಬಿಗೆ ಹೋದೆ.

"ರಿಪೋರ್ಟು ನಾಲ್ಕನೇ ದಿನ ಬತ್ತದೆ ಕಣಮ್ಮ," ಅಂದ ಅಲ್ಲಿದ್ದವನು.

"ಮೂರು ದಿನಕ್ಕೇ ಕೆಟ್ಟೋಗೋದನ್ನ ನಾಲ್ಕನೇ ದಿನ ಕೊಟ್ರೆ ನಾನೇನಪ್ಪಾ ಮಾಡ್ಲಿ?"

"ಅಂಗಾದ್ರೆ ನೀವು ನೆನ್ನೇನೇ ಬರಬೇಕಾಗಿತ್ತು."

"ನೆನ್ನೆ ಬಂದಿದ್ರೆ ಅದು ಇವತ್ತಿಗೆ ಇನ್ನೂ ಒಂದು ದಿನ ಹಳೇದಾಗಿರ್ತಿತ್ತಲ್ಲಪ್ಪಾ."

ಅವನು ತಲೆ ಕೆರೆದುಕೊಂಡು ಯೋಚನೆ ಮಾಡಿದ. "ಅದೂ ದಿಟವೇ ಬುಡಿ," ಅಂದ. "ಅಂಗಾದ್ರೆ ನಾಳೆ ಬನ್ನಿ."

ತಲೆ ಚಚ್ಚಿಕೊಂಡು ಮೈಸೂರಿಗೆ ಹೋಗಿ ಅವತ್ತಿಂದವತ್ತೇ ಕೊಡೋ ಕಡೆ ಮಾಡಿಸಿದೆ.

೨. ನಾಲ್ಕು ಜನ

ಏರ್‌ಪೋರ್ಟಿನ ಕೌಂಟರಿನಲ್ಲಿದ್ದವಳು ಲಸಿಕೆ ಸರ್ಟಿಫಿಕೇಟ್ ಕೇಳಿದಳು. ಫೋನು ತೆಗೆದು ಕೊಟ್ಟೆ. ಊರಲ್ಲಿ ಲಸಿಕೆಗೆ ಹೆಸರು ಬರೆಸುವಾಗ ಫೋನಿಲ್ಲದವರಿಗೆಲ್ಲ ಟೀಚರಮ್ಮನ ನಂಬರೇ ಗತಿ. ಹಾಗಾಗಿ ನನ್ನ ನಂಬರು ಒತ್ತಿದರೆ ನನ್ನ ಜೊತೆ ಇನ್ನೂ ಮೂರು ಜನ ಎದ್ದು ಬರುತ್ತಾರೆ: ಎದುರುಮನೆ ಅಜ್ಜಿ, ಮಾರಮ್ಮನ ಪೂಜಾರಿ, ಕುರಿ ಕಾಯೋ ಮುದುಕ.

ಅವಳು ಒಂದೊಂದೇ ನೋಡುತ್ತಾ ಹೋದಳು. "ನಿಮ್ಮ ಜೊತೆ ಇನ್ನೂ ಮೂವರಿದ್ದಾರಲ್ಲ ಮೇಡಂ, ಎಲ್ಲಿ ಅವರು?"

"ಅಜ್ಜಿ ಜಗಲಿ ಮೇಲವಳೆ. ಪೂಜಾರಪ್ಪ ಗುಡೀಲವನೆ. ಇನ್ನೊಬ್ಬ ಕುರಿ ಹಿಂದೆ ಹೋಗವನೆ ಕಣಮ್ಮ."

"ವಿಮಾನ ಹತ್ತೋರು ಯಾರು?"

"ನಿನ್ನ ಮುಂದೆ ನಿಂತಿದೀನಲ್ಲ, ನಾನು."

ಅವಳು ತನ್ನ ಮೇಲಧಿಕಾರಿಯನ್ನು ಕರೆದಳು. ಅವನು ಬಂದು ಫೋನು ನೋಡಿ, ನನ್ನನ್ನು ನೋಡಿ, ಗಂಭೀರವಾಗಿ ಕೇಳಿದ: "ಉಳಿದ ಮೂರು ಜನ ಲೇಟಾಗಿ ಬರ್ತಾರಾ?"

೩. ಗಂಧದಕಡ್ಡಿ

ಹೋಗಿ ಇಳಿದರೆ ಏಳು ದಿನ ಹೋಟೆಲಿನಲ್ಲಿ ಕ್ವಾರಂಟೈನು. ಎರಡು ಡೋಸ್ ಆದವರಿಗೆ ಬೇಡ ಅಂತ ಹೊರಟಾಗ ಹೇಳಿದ್ದರು, ನಾನು ಗಾಳಿಯಲ್ಲಿರುವಾಗಲೇ ರೂಲ್ಸು ಬದಲಾಗಿತ್ತಂತೆ. ಮಗಳ ಮನೆ ಅಲ್ಲಿಂದ ಅರ್ಧ ಗಂಟೆ ದಾರಿ. ಕಿಟಕಿಯಲ್ಲಿ ನಿಂತು ಹಲ್ಲು ಕಡಿಯೋದು ಬಿಟ್ಟು ಬೇರೆ ಕೆಲಸವಿಲ್ಲ.

ಐದನೇ ದಿನ ಬೆಳಿಗ್ಗೆ ಅಳಿಯಂದಿರ ಫೋನು: "ಅತ್ತೆ, ರಾತ್ರೀನೇ ನೋವು ಸುರುವಾಯ್ತು, ಆಸ್ಪತ್ರೆಗೆ ಕರ್ಕೊಂಡು ಬಂದಿವ್ನಿ, ಈಗ ಹೆರಿಗೆ ರೂಮಿಗೆ ಕರ್ಕೊಂಡೋದ್ರು."

ಹೆತ್ತವಳು ಇಷ್ಟು ಹತ್ತಿರ ಬಂದೂ ಕೈ ಹಿಡಿಯೋಕಾಗಲಿಲ್ಲವಲ್ಲ ಅಂತ ಅಳು ಬಂತು. ಗಂಟು ಬಿಚ್ಚಿ, ಒಂದು ಹಿಡಿ ಗಂಧದಕಡ್ಡಿ ಹಚ್ಚಿ, ಮನೆದೇವರನ್ನು ನೆನೆದು ಕಣ್ಣು ಮುಚ್ಚಿದೆ.

ಹೊಗೆ ತಾಗಿದ್ದೇ ತಡ, ಛಾವಣಿಯಲ್ಲಿದ್ದ ಬೆಂಕಿ ಗಂಟೆ ಕಿವಿ ಕಿತ್ತುಹೋಗೋ ಹಾಗೆ ಬಡಿಯಿತು. ಬೆಂಕಿ ಅಂದುಕೊಂಡು ಎಲ್ಲ ರೂಮಿನವರೂ ಓಡಿಬಂದರು. ಒಬ್ಬರ ಮುಖ ಒಬ್ಬರು ನೋಡಬಾರದು ಅಂತ ಕೂಡಿಹಾಕಿದ್ದವರೆಲ್ಲ ಮೆಟ್ಟಿಲ ಮೇಲೆ ಮೈಗೆ ಮೈ ತಾಗಿಸಿಕೊಂಡು ನಿಂತೆವು. ಅಷ್ಟರಲ್ಲಿ ಫೋನು ಬಂತು, ಗಂಡು ಮಗು, ಇಬ್ಬರೂ ಚೆನ್ನಾಗಿದ್ದಾರೆ. ನಾನು ಅಳುತ್ತಾ ನಗುತ್ತಾ ಸುತ್ತ ಇದ್ದವರಿಗೆಲ್ಲ ಹೇಳಿದೆ. ಬಯ್ಯೋಕೆ ಅಂತ ಬಂದಿದ್ದ ಹೋಟೆಲಿನ ಮಲಯಾಳಿ ಮ್ಯಾನೇಜರು ನಿಂತಲ್ಲೇ ಕೈ ಮುಗಿದು, ಬಂದಷ್ಟು ಕನ್ನಡದಲ್ಲಿ, "ಅಮ್ಮಾ, ನಾಮಕರಣ ದಯವಿಟ್ಟು ಹೊರಗೆ ಮಾಡಿ," ಅಂದ.

೪. ಹೊಸಿಲು

ಅವತ್ತೇ ಅಳಿಯಂದಿರಿಗೆ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದೆ. "ನೋಡಿ ಅಳಿಯಂದಿರೇ, ಹನ್ನೊಂದು ದಿನ ಪುರುಡು, ಹೆರಿಗೆ ಸೂತಕ. ಅದು ಕಳೆಯೋಗಂಟ ಹೊರಗಿನೋರು ಯಾರೂ ಹೊಸಿಲು ದಾಟಕೂಡದು. ಯಾರ ಮುಲಾಜೂ ನೋಡಬೇಡಿ."

ಅವರು ಹೊಸ ಅಗ್ರಹಾರ ಅನ್ನೋ ಊರಿನವರು, ಹಿರಿಯರು ಹಾಕಿದ ಗೆರೆ ದಾಟೋರಲ್ಲ. ಹಣ್ಣು ಹಿಡಿದು ಬಂದ, ತಮಗೆ ಕೆಲಸ ಕೊಟ್ಟ ಸಾಹುಕಾರನನ್ನೇ ಬಾಗಿಲಿಂದ ವಾಪಸ್ ಕಳಿಸಿದರಂತೆ.

ಏಳು ದಿನ ಮುಗಿಸಿ, ರಾಗಿಹಿಟ್ಟು, ಬಾಣಂತಿ ಖಾರದ ಗಂಟು ಹೊತ್ತು ಮನೆ ಬಾಗಿಲು ತಟ್ಟಿದೆ. ಬಾಗಿಲು ಗೇಣಷ್ಟು ತೆರೆಯಿತು.

"ಅತ್ತೆ, ಇನ್ನೂ ಎಂಟು ದಿನ ಅದೆ," ಅಂದರು ಅಳಿಯಂದಿರು.

"ನಾನು ಹೊರಗಿನೋಳೇನ್ರೀ?"

"ಹೋಟ್ಲಿಂದ ಬತ್ತಾ ಇದೀರಲ್ಲ. ನೀವೇ ಯೋಳಿದ್ದು, ಯಾರ ಮುಲಾಜೂ ನೋಡಬೇಡಿ ಅಂತ."

ಒಳಗಿಂದ ಮಗಳ ದನಿ: "ಅವ್ವ ಬಂದ್ಲಾ? ಮಗ ಹಾಲೇ ಕುಡೀತಿಲ್ಲ ಕಣವ್ವ, ಬೇಗ ಬಾ."

ಫೋನು ತೆಗೆದು ಅಳಿಯಂದಿರ ಕೈಗೆ ತುರುಕಿದೆ. "ಎರಡು ಡೋಸ್ ಸರ್ಟಿಫಿಕೇಟು, ರಿಪೋರ್ಟು, ಕ್ವಾರಂಟೈನ್ ಮುಗಿದಿದ್ದಕ್ಕೆ ಚೀಟಿ, ಎಲ್ಲಾ ಅದೆ. ನೋಡ್ಕೊಳಿ."

ಪಾಪ, ಅವರು ಬಾಗಿಲು ಹಿಡಿದಿದ್ದ ಕೈ ಬಿಟ್ಟು ಎರಡೂ ಕೈಯಲ್ಲಿ ಫೋನು ಹಿಡಿದು ಓದೋಕೆ ಶುರುಮಾಡಿದರು. ನಾನು ಗಂಟಿನ ಸಮೇತ ಪಕ್ಕದಲ್ಲಿ ನುಸುಳಿದೆ. ಕೈಕಾಲು ತೊಳೆದು ಕೂತು ಮಗುವನ್ನು ಎತ್ತಿಕೊಟ್ಟು, ಹೇಗೆ ಹಿಡಿಯೋದು ಅಂತ ತೋರಿಸಿದೆ. ಮಗು ಬಾಯಿ ಹಾಕಿ ಚಪ್ಪರಿಸಿತು. ಮಗಳು ನನ್ನ ಭುಜಕ್ಕೆ ತಲೆ ಕೊಟ್ಟು ಅತ್ತಳು, ನಾನೂ ಅತ್ತೆ.

ಮಗುವಿಗೆ ಹೊಟ್ಟೆ ತುಂಬಿ ನಿದ್ದೆ ಹತ್ತಿದ ಮೇಲೆ ಅಳಿಯಂದಿರು ರೂಮಿನ ಬಾಗಿಲಿಗೆ ಬಂದು ನಿಂತರು. ಫೋನು ಇನ್ನೂ ಕೈಯಲ್ಲೇ ಇತ್ತು.

"ಅತ್ತೆ, ಕೊನೇಗಂಟ ಓದ್ದೆ," ಅಂದರು. "ಇದ್ರಲ್ಲಿ ಪುರುಡಿನ ಸುದ್ದೀನೇ ಇಲ್ವಲ್ಲ."