ಬೋರ್ಡಿಗೆ ಒಂದೇ ಪದ ಬಾಕಿ

ಬೇಕರಿಯವ: ‘ಇಲ್ಲ’ ಅಂತ ಬರಿಯಪ್ಪಾ!

ಮೇಷ್ಟ್ರು: ‘ಇದೆ’ ಅಂತ ಬರೀರಿ!

ಪೇಂಟರ್: ಇಬ್ಬರಲ್ಲಿ ಒಬ್ಬರು ಬಾಯಿ ಮುಚ್ಚಿದ್ರೆ ಯಾವುದಾದ್ರೂ ಒಂದು ಬರೀತೀನಿ. ಏಣಿ ಮೇಲೆ ನಿಂತು ನಿಂತು ಕಾಲು ಜೋಮು ಹಿಡೀತು.

(ಬೇಕರಿಯ ಹೊಸ ಬೋರ್ಡಿನ ಮೇಲೆ ‘ನಮ್ಮ ಬನ್ನಿನಲ್ಲಿ ರಾಸಾಯನಿಕ’ ಎಂಬಷ್ಟನ್ನು ಕೆಂಪು ಅಕ್ಷರದಲ್ಲಿ ಬರೆದಾಗಿತ್ತು. ನಮ್ಮ ಭಾಷೆಯ ಹಣೆಬರಹವೇ ಹೀಗೆ, ಕೊನೆಯ ಪದ ಬರುವ ತನಕ ಹೌದೋ ಅಲ್ಲವೋ ಗೊತ್ತಾಗುವುದಿಲ್ಲ. ಸರಿಯಾಗಿ ಆ ಕೊನೆಯ ಪದದ ಹೊತ್ತಿಗೆ, ಬನ್ ಕೊಳ್ಳಲು ಬಂದ ರಸಾಯನಶಾಸ್ತ್ರದ ಮೇಷ್ಟ್ರು ತಲೆಯೆತ್ತಿ ನೋಡಿ ತಕರಾರು ತೆಗೆದಿದ್ದರು.)

ಬೇಕರಿಯವ: ಮೇಷ್ಟ್ರೇ, ನಿಮಗೆ ಕೈ ಮುಗೀತೀನಿ. ಎದುರಿನ ಬೇಕರಿಯವನು ‘ರಾಸಾಯನಿಕ ಇಲ್ಲ’ ಅಂತ ಬೋರ್ಡ್ ಹಾಕಿದ್ದೇ ಹಾಕಿದ್ದು, ನನ್ನ ದಾಲ್ಚಿನ್ನಿ ಬನ್ನನ್ನ ನೊಣಾನೂ ಮೂಸ್ತಿಲ್ಲ. ಹೀಗೇ ಆದ್ರೆ ಒಲೆ ಆರಿಸಿ ಬಾಗಿಲು ಹಾಕ್ಕೊಂಡು ಹೋಗೋದೇ ಗತಿ.

ಮೇಷ್ಟ್ರು: ನೊಣ ಮೂಸದೇ ಇರೋದಕ್ಕೂ ಕಾರಣ ಅದೇ ಸ್ವಾಮಿ! ನಿಮ್ಮ ಬನ್ನಲ್ಲಿ ಸಿನಮಾಲ್ಡಿಹೈಡ್ ಇದೆ.

ಬೇಕರಿಯವ: ಸಿನಿಮಾನಾ? ನನ್ನ ಬನ್ನಲ್ಲಾ?

ಮೇಷ್ಟ್ರು: ಸಿನಿಮಾ ಅಲ್ರೀ, ಸಿನಮಾಲ್ಡಿಹೈಡ್! ಚಕ್ಕೆಗೆ ಆ ಘಮ, ನಾಲಿಗೆ ಚುರುಕ್ ಅನ್ನೋ ಆ ಖಾರ ಬರೋದೇ ಅದರಿಂದ. ಬೇರೆ ಮಾಡಿ ತೆಗೆದ್ರೆ ಹಳದಿ ಎಣ್ಣೆ ಥರ ಇರುತ್ತೆ. ಅದೂ ರಾಸಾಯನಿಕಾನೇ.

(ಮಾತು ಒಳಗೆ ಕೇಳಿಸಿತು. ಬೇಕರಿಯವನ ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಯಾವ ತಪ್ಪಾದರೂ ಗಂಡನದೇ ಇರಬೇಕು ಎಂಬುದರಲ್ಲಿ ಅವಳಿಗೆ ಪೂರ್ತಿ ನಂಬಿಕೆ.)

ಹೆಂಡತಿ: ರೀ, ಏನು ಸುರಿದ್ರಿ ಹಿಟ್ಟಿಗೆ?

ಬೇಕರಿಯವ: ಏನೂ ಸುರಿದಿಲ್ಲ ಕಣೇ. ನಿನ್ನಾಣೆ!

ಹೆಂಡತಿ: ನನ್ನ ಮೇಲೆ ಯಾಕೆ ಆಣೆ? ನಿಮ್ಮ ತಲೆ ಮೇಲೆ ಇಟ್ಕೊಳ್ಳಿ.

ಮೇಷ್ಟ್ರು: ಇವರು ಹಾಕಿದ್ದಲ್ಲ ತಾಯಿ, ಮರ ಹಾಕಿದ್ದು. ತನ್ನ ತೊಗಟೆಯೊಳಗೆ.

ಹೆಂಡತಿ: ಮರಕ್ಕೆ ಯಾಕೆ ಬೇಕಿತ್ತು ಈ ಉಸಾಬರಿ?

ಮೇಷ್ಟ್ರು: ಬೂಷ್ಟು, ಹುಳಹುಪ್ಪಟೆ ಹತ್ರ ಬರಬಾರದಲ್ಲ, ಅದಕ್ಕೆ. ಸೊಳ್ಳೆ ಮರಿ ಇರೋ ನೀರಿಗೆ ಇದನ್ನ ಹಾಕಿದ್ರೆ ಸತ್ತೇ ಹೋಗ್ತವೆ!

ಬೇಕರಿಯವ: ಮೆಲ್ಲಗೆ ಮೇಷ್ಟ್ರೇ! ನನ್ನ ಬನ್ ತಿಂದ್ರೆ ಸಾಯ್ತಾರೆ ಅಂತ ಬೀದಿಯವರೆಲ್ಲ ಅಂದ್ಕೊಳ್ತಾರೆ.

ಪೇಂಟರ್: ‘ಸಾಯ್ತಾರೆ’ ಅಂತಾನೇ ಬರೀಲಾ? ಮೂರೇ ಅಕ್ಷರ, ಜಾಗ ಸಾಕಾಗುತ್ತೆ.

ಮೇಷ್ಟ್ರು: ಸಾಯಲ್ಲಪ್ಪಾ! ಬನ್ನಲ್ಲಿ ಇರೋದೇ ಎಷ್ಟು? ಚ್ಯೂಯಿಂಗ್ ಗಮ್ಮಿಗೂ ಹಾಕ್ತಾರೆ. ಕಬ್ಬಿಣದ ಪೈಪಿಗೆ ಆಸಿಡ್ ಬಿಡುವಾಗಲೂ ಸೇರಿಸ್ತಾರೆ, ಕಬ್ಬಿಣ ಸವೀಬಾರದು ಅಂತ.

ಹೆಂಡತಿ: ಶುದ್ಧ ಸುಳ್ಳು. ಇವರು ದಿನಾ ಎರಡೆರಡು ತಿಂತಾರೆ, ಮಂಡಿ ಪೂರ್ತಿ ಸವೆದಿದೆ.

ಮೇಷ್ಟ್ರು: ಇವರ ಮಂಡಿ ಕಬ್ಬಿಣದ್ದಲ್ಲ ತಾಯಿ.

(ಬಾಯಿಮಾತಿನಲ್ಲಿ ಇವರಿಗೆ ತಿಳಿಯುವುದಿಲ್ಲವೆಂದು ಮೇಷ್ಟ್ರಿಗೆ ಖಾತ್ರಿಯಾಯಿತು. ಹಿಟ್ಟು ಚೆಲ್ಲಿದ್ದ ಕಟ್ಟೆಯ ಮೇಲೆ ಬೆರಳಿನಿಂದ ಚಿತ್ರ ಬರೆಯತೊಡಗಿದರು.)

ಮೇಷ್ಟ್ರು: ನೋಡಿ, ಅದರೊಳಗೆ ಹೀಗೆ ಒಂದು ಉಂಗುರ ಇರುತ್ತೆ. ಆ ಉಂಗುರಕ್ಕೆ...

ಹೆಂಡತಿ: ಉಂಗುರಾನಾ! ರೀ! ಮದುವೆ ಉಂಗುರ ಸ್ನಾನದ ಮನೇಲಿ ಜಾರಿಹೋಯ್ತು ಅಂದ್ರಲ್ಲ! ಹಿಟ್ಟಿಗೆ ಬೀಳಿಸಿ ನನ್ನ ಹತ್ರ ಕಥೆ ಕಟ್ಟಿದ್ರಾ?

ಬೇಕರಿಯವ: ಸ್ನಾನದ ಮನೇಲೇ ಕಣೇ... ಅಂದ್ರೆ... ಹಿಟ್ಟು ನಾದಿ ಆದ್ಮೇಲೇನೇ ನಾನು ಸ್ನಾನಕ್ಕೆ ಹೋಗೋದು...

ಹೆಂಡತಿ: ಮೇಷ್ಟ್ರೇ, ಯಾವ ಬನ್ನಲ್ಲಿದೆ ಹೇಳಿ!

ಮೇಷ್ಟ್ರು: ಎಲ್ಲಾ ಬನ್ನಲ್ಲೂ ಇದೆ ತಾಯಿ. ಒಂದೊಂದರಲ್ಲೂ ಕೋಟಿ ಕೋಟಿ ಉಂಗುರ!

(ಹೆಂಡತಿ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಪೇಂಟರ್ ಏಣಿಯಿಂದ ಎರಡು ಮೆಟ್ಟಿಲು ಇಳಿದ.)

ಹೆಂಡತಿ: ರೀ, ಒಂದು ಬನ್ನೂ ಮಾರ್ಬೇಡಿ. ಬಾಗಿಲು ಹಾಕಿ!

ಮೇಷ್ಟ್ರು: ಅಯ್ಯೋ, ಚಿನ್ನದ್ದಲ್ಲ! ಇಂಗಾಲದ ಉಂಗುರ. ಇದ್ದಿಲಲ್ಲಿರುತ್ತಲ್ಲ, ಆ ಇಂಗಾಲ.

ಹೆಂಡತಿ: ಅಂದ್ರೆ ಬನ್ ಸೀದಿದೆ ಅಂತ ತಾನೆ? ಅಷ್ಟು ಹೇಳೋಕೆ ಇಷ್ಟೆಲ್ಲಾ ಓದ್ಬೇಕಾ? ನಾನೇ ದಿನಾ ಹೇಳ್ತೀನಿ ಇವರಿಗೆ.

(ಪೇಂಟರ್ ಮತ್ತೆ ಎರಡು ಮೆಟ್ಟಿಲು ಹತ್ತಿದ.)

ಬೇಕರಿಯವ: ಮೇಷ್ಟ್ರೇ, ಒಂದು ರಾಜಿ. ಕಾರ್ಖಾನೆಯದ್ದು ರಾಸಾಯನಿಕ, ಮರದ್ದು ಅಲ್ಲ. ಆಯ್ತಾ?

ಮೇಷ್ಟ್ರು: ಎರಡೂ ಒಂದೇ ಸ್ವಾಮಿ! ಕಾರ್ಖಾನೇಲಿ ಬೆಂಜಾಲ್ಡಿಹೈಡ್ ಅಂತ ಒಂದು, ಕಹಿ ಬಾದಾಮಿ ವಾಸನೇದು, ಅದನ್ನ ಅಸಿಟಾಲ್ಡಿಹೈಡ್ ಜೊತೆ ಕೂಡಿಸ್ತಾರೆ. ಎರಡೂ ಒಂದಾಗುವಾಗ ನೀರು ಹೊರಗೆ ಬರುತ್ತೆ. ಉಳಿಯೋದು ಇದೇ.

ಬೇಕರಿಯವ: ನಮ್ಮ ಮದುವೇಲೂ ನೀರು ಬಂತು. ನನ್ನ ಕಣ್ಣಿಂದ.

ಹೆಂಡತಿ: ಇನ್ನೂ ಬರುತ್ತೆ, ತಾಳಿ. ಉಂಗುರದ ವಿಚಾರ ಮುಗಿದಿಲ್ಲ.

(ಇವರ ಜಗಳ ಸದ್ಯಕ್ಕೆ ಮುಗಿಯದೆಂದು ಪೇಂಟರ್ ಬ್ರಷ್ಷನ್ನು ಡಬ್ಬಿಯ ಮೇಲಿಟ್ಟು, ಜೇಬಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದ.)

ಬೇಕರಿಯವ: ಏಯ್! ಅದು ಎದುರಿನವನ ದಾಲ್ಚಿನ್ನಿ ಬನ್ ಅಲ್ವಾ? ನನ್ನ ಬೋರ್ಡ್ ಬರೀತಾ ಅವನ ಬನ್ ತಿಂತೀಯಾ?

ಪೇಂಟರ್: ಅವರ ಬೋರ್ಡ್ ಬರೆದದ್ದೂ ನಾನೇ ಯಜಮಾನ್ರೇ. ಖುಷಿಯಾಗಿ ಕೊಟ್ರು. ನಿಮ್ಮಲ್ಲಿ ಇನ್ನೂ ಒಂದು ಲೋಟ ನೀರೂ ಕೊಟ್ಟಿಲ್ಲ.

ಮೇಷ್ಟ್ರು: ಇಲ್ಲಿ ಕೊಡಿ ಅದನ್ನ.

(ಮೇಷ್ಟ್ರು ಬನ್ ಮೂಸಿದರು. ಮುರಿದು ಮೂಸಿದರು. ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ನಿಂತರು.)

ಮೇಷ್ಟ್ರು: ಇದರಲ್ಲಿ ಸಿನಮಾಲ್ಡಿಹೈಡ್ ಇಲ್ಲ. ಎಳ್ಳಷ್ಟೂ ಇಲ್ಲ.

ಬೇಕರಿಯವ: ಅಂದ್ರೆ... ಅವನ ಬೋರ್ಡು ನಿಜಾನಾ?

ಮೇಷ್ಟ್ರು: ಇದೊಂದು ವಿಷಯದಲ್ಲಿ ನಿಜ.

(ಬೇಕರಿಯವನಿಗೆ ನಿಜಕ್ಕೂ ಅಳು ಬಂತು. ಬೆಳಗಾಗುವ ಮೊದಲೇ ಎದ್ದು ಕೈಯಾರೆ ಚಕ್ಕೆ ಕುಟ್ಟುತ್ತಿದ್ದವನು ಅವನು.)

ಬೇಕರಿಯವ: ಮುಗೀತು. ಅವನು ಸತ್ಯವಂತ, ನಾನು ಸೊಳ್ಳೆ ಔಷಧಿ ಮಾರೋನು.

ಹೆಂಡತಿ: ರೀ, ಸ್ವಲ್ಪ ಸುಮ್ನಿರಿ. ಮೇಷ್ಟ್ರೇ, ಚಕ್ಕೆ ಹಾಕಿದ್ರೆ ಅದು ಇರಲೇಬೇಕು ತಾನೆ?

ಮೇಷ್ಟ್ರು: ಇರಲೇಬೇಕು.

ಹೆಂಡತಿ: ಇಲ್ಲ ಅಂದ್ರೆ?

ಮೇಷ್ಟ್ರು: ಇಲ್ಲ ಅಂದ್ರೆ... ಅಯ್ಯೋ! ಚಕ್ಕೇನೇ ಹಾಕಿಲ್ಲ!

ಹೆಂಡತಿ: ಮತ್ತೆ ಆ ಕಂದು ಬಣ್ಣ?

ಮೇಷ್ಟ್ರು (ಬೆರಳು ನೆಕ್ಕಿ): ಸುಟ್ಟ ಸಕ್ಕರೆ!

ಹೆಂಡತಿ: ಪೇಂಟರಪ್ಪಾ, ‘ಇದೆ’ ಅಂತ ಬರಿ! ದಪ್ಪಕ್ಷರದಲ್ಲಿ! ಅದರ ಕೆಳಗೆ ‘ಎದುರಿನ ಬನ್ನಿನಲ್ಲಿ ಏನೂ ಇಲ್ಲ’ ಅಂತ ಹಾಕು!

(ಬಣ್ಣ ಒಣಗುವ ಮುಂಚೆಯೇ ಜನ ಸೇರಿದರು. ಎದುರಿನ ಬೇಕರಿಯ ಸಾಲಿನಲ್ಲಿ ನಿಂತಿದ್ದ ಒಬ್ಬ ಅಜ್ಜಿ ಎಲ್ಲರಿಗಿಂತ ಮೊದಲು ರಸ್ತೆ ದಾಟಿ ಬಂದಳು.)

ಅಜ್ಜಿ: ನಿನ್ನ ಬನ್ನಲ್ಲಿ ಏನೋ ಇದೆಯಂತಲ್ಲಪ್ಪಾ, ನಾಲ್ಕು ಕೊಡು. ಇಷ್ಟು ದಿನ ಏನೂ ಇಲ್ಲದ್ದನ್ನ ತಿಂದು ತಿಂದು ಸೊರಗಿಹೋದೆ.

ಬೇಕರಿಯವ: ಇದೆ ಅಜ್ಜಿ, ಬೇಕಾದಷ್ಟಿದೆ! ಬಿಸಿ ಇರುವಾಗಲೇ ತಿನ್ನಿ!

(ಅಷ್ಟರಲ್ಲಿ ರಸ್ತೆಯಾಚೆ ಎದುರಿನ ಬೇಕರಿಯವನು ಮೇಜಿನ ಮೇಲೆ ಹತ್ತಿ, ಒದ್ದೆ ಬಟ್ಟೆಯಿಂದ ತನ್ನ ಬೋರ್ಡಿನ ಕೊನೆಯ ಪದವನ್ನು ಗಸಗಸ ತಿಕ್ಕುತ್ತಿದ್ದ. ಬೆವರು ಇಳಿಯಿತೇ ಹೊರತು ಬಣ್ಣ ಇಳಿಯಲಿಲ್ಲ.)

ಎದುರಿನವ: ಏ ಪೇಂಟರ್! ಎಷ್ಟು ತಿಕ್ಕಿದ್ರೂ ಈ ‘ಇಲ್ಲ’ ಹೋಗ್ತಾನೇ ಇಲ್ವಲ್ಲೋ!

ಪೇಂಟರ್: ನೀರಿಗೆಲ್ಲಾ ಹೋಗಲ್ಲ ಸ್ವಾಮಿ! ಅದಕ್ಕೆ ರಾಸಾಯನಿಕಾನೇ ಬೇಕು!